ಜಾರುವ ಚಕ್ರದ ಉಪಕಾರ

ನಮ್ಮ ಹಳೆಯ ಮನೆಗಳ ಮೀಟರ್ ಬೋರ್ಡಿನ ಪಕ್ಕ ಬಿಳಿ ಪಿಂಗಾಣಿಯ ಒಂದು ಫ್ಯೂಸ್ ಇರುತ್ತಿತ್ತು. ಅದರೊಳಗೆ ಕೂದಲೆಳೆಗಿಂತ ತುಸು ದಪ್ಪದ ಒಂದು ತಂತಿ. ಮಳೆಗಾಲದ ಯಾವುದೋ ರಾತ್ರಿ ಅದು ಟಪ್ಪೆಂದು ಹಾರಿಹೋದರೆ ಮನೆಯೆಲ್ಲ ಕತ್ತಲು. ಎರಡು ಮೂರು ಸಲ ಹೀಗಾದ ಮೇಲೆ ಮನೆಯ ಜಾಣರೊಬ್ಬರು ಸ್ಟೂಲು ಹತ್ತಿ, ದಪ್ಪ ತಾಮ್ರದ ತಂತಿಯನ್ನೇ ಸುತ್ತಿ ಕೂರಿಸಿಬಿಡುತ್ತಿದ್ದರು. ಆಮೇಲೆ ಫ್ಯೂಸ್ ಹೋಗುತ್ತಿರಲಿಲ್ಲ, ನಿಜ. ಬದಲಿಗೆ ಟಿ.ವಿ. ಹೋಗುತ್ತಿತ್ತು, ಬಾವಿಯ ಪಂಪು ಸುಡುತ್ತಿತ್ತು, ಗೋಡೆಯೊಳಗಿನ ವೈರು ಕರಗಿ ವಾಸನೆ ಬರುತ್ತಿತ್ತು. ಸೋಲಬೇಕಾದದ್ದು ಸೋಲಲು ಒಪ್ಪದಿದ್ದರೆ ಸೋಲಬಾರದ್ದು ಸೋಲುತ್ತದೆ.

ಕಾರಿನಲ್ಲೂ ಇಂಥದೊಂದು ಫ್ಯೂಸ್ ಇದೆ. ಅದನ್ನು ಯಾರೂ ಹಾಗೆ ಕರೆಯುವುದಿಲ್ಲ, ಟಯರು ಎನ್ನುತ್ತಾರೆ. ಎಂಜಿನ್ನು ತನ್ನ ಶಕ್ತಿಯನ್ನೆಲ್ಲ ಒಮ್ಮೆಗೇ ಸುರಿದಾಗ ಟಯರು ಜಾರುತ್ತದೆ, ಚೀರುತ್ತದೆ, ಹೊಗೆಯಾಡುತ್ತದೆ. ನೋಡುವವರಿಗೆ ಅದು ಶಕ್ತಿಯ ಪ್ರದರ್ಶನ, ಓಡಿಸುವವನಿಗೆ ಶಕ್ತಿಯ ಪೋಲು. ಆದರೆ ಕಾರಿನ ಹೊಟ್ಟೆಯೊಳಗಿನ ಹಲ್ಲುಚಕ್ರಗಳಿಗೂ ಉಕ್ಕಿನ ದಂಡಗಳಿಗೂ ಅದೊಂದು ಬಿಡುಗಡೆ. ಅಮೆರಿಕದ ಡ್ರ್ಯಾಗ್ ರೇಸಿಂಗಿನ ಚರಿತ್ರೆಯನ್ನು ಸಾಮಾನ್ಯವಾಗಿ ವೇಗದ ದಾಖಲೆಗಳ ಚರಿತ್ರೆಯಾಗಿ ಬರೆಯುತ್ತಾರೆ. ಅದನ್ನು ಮುರಿದುಹೋದ ಭಾಗಗಳ ಚರಿತ್ರೆಯಾಗಿಯೂ ಓದಬಹುದು. ಟಯರಿನ ಹಿಡಿತ ಹೆಚ್ಚಿದಂತೆಲ್ಲ ಕಾರಿನ ಮತ್ತೊಂದು ಅಂಗ ಮುರಿಯುತ್ತ ಬಂತು. ಒಮ್ಮೆ ಮನುಷ್ಯನ ಪಾದವೇ ಹೋಯಿತು.

ಮೊದಲು ಆ ಅಂಗಗಳ ಪರಿಚಯ ಮಾಡಿಕೊಳ್ಳೋಣ. ಎಂಜಿನ್ನು ಹುಟ್ಟಿಸಿದ ತಿರುಚುಬಲ, ಅಂದರೆ ಟಾರ್ಕ್, ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ಮೊದಲು ಕ್ಲಚ್, ಆಮೇಲೆ ಗೇರ್‌ಬಾಕ್ಸ್, ಅಲ್ಲಿಂದ ಕಾರಿನ ಉದ್ದಕ್ಕೂ ಹಾಯುವ ಪ್ರೊಪೆಲ್ಲರ್ ಶಾಫ್ಟ್, ಅದರ ಎರಡು ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್, ಆಮೇಲೆ ನಮ್ಮ ಮೆಕ್ಯಾನಿಕ್‌ಗಳು ಕ್ರೌನ್-ಪಿನಿಯನ್ ಎನ್ನುವ ಹಲ್ಲುಚಕ್ರಗಳ ಜೋಡಿ ಮತ್ತು ಡಿಫರೆನ್ಶಿಯಲ್, ಕೊನೆಗೆ ಎಡಕ್ಕೊಂದು ಬಲಕ್ಕೊಂದು ಆಕ್ಸಲ್. ಈ ಇಡೀ ಸಾಲಿಗೆ ಡ್ರೈವ್‌ಟ್ರೇನ್ ಎಂದು ಹೆಸರು. ಸಾಲಿನ ಒಂದು ತುದಿಯಲ್ಲಿ ತಿರುಗಿಸುವ ಎಂಜಿನ್ನು, ಇನ್ನೊಂದು ತುದಿಯಲ್ಲಿ ನೆಲವನ್ನು ಕಚ್ಚಿ ಹಿಡಿದ ಟಯರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯಲ್ಲಿ ನಡುವೆ ಸಿಕ್ಕಿದ ನೊಗದ ಪಾಡು ಏನೋ, ಡ್ರೈವ್‌ಟ್ರೇನಿನ ಪಾಡೂ ಅದೇ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಬೇಕು. ಲೆಕ್ಕವೆಂದರೆ ಹಿಂಜರಿಯುವ ಓದುಗರೂ ಒಂದು ನಿಮಿಷ ಜೊತೆಗಿರಲಿ, ಮುಂದಿನ ಕತೆಯೆಲ್ಲ ಇದರ ಮೇಲೆಯೇ ನಿಂತಿದೆ. 1,600 ಕಿಲೋ ತೂಕದ, ಹಿಂದಿನ ಚಕ್ರಗಳಿಂದ ಓಡುವ ಒಂದು ಕಾರನ್ನು ಊಹಿಸಿಕೊಳ್ಳಿ. ಎಂಜಿನ್ನಿನ ಟಾರ್ಕ್ 540 ನ್ಯೂಟನ್-ಮೀಟರ್. ಮೊದಲ ಗೇರು ಅದನ್ನು 2.5 ಪಟ್ಟು ಹೆಚ್ಚಿಸುತ್ತದೆ, ಕ್ರೌನ್-ಪಿನಿಯನ್ ಮತ್ತೆ 3.9 ಪಟ್ಟು. ಅಂದರೆ ಎರಡೂ ಆಕ್ಸಲ್‌ಗಳಿಗೆ ಸೇರಿ ಸಿಗಬಹುದಾದದ್ದು 5,265. ಆದರೆ ಸಾಮಾನ್ಯ ರಸ್ತೆ ಟಯರು ಒಣ ರಸ್ತೆಯಲ್ಲಿ ತನ್ನ ಮೇಲಿನ ಭಾರದ ಸುಮಾರು ಒಂಬತ್ತು ದಶಾಂಶದಷ್ಟನ್ನು ಮಾತ್ರ ಎಳೆತವಾಗಿ ಹಿಡಿಯಬಲ್ಲದು. ಹೊರಡುವಾಗ ಕಾರಿನ ಭಾರ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ ಎಂಬುದನ್ನು ಸೇರಿಸಿಕೊಂಡರೂ ಎರಡು ಹಿಂಚಕ್ರಗಳು ತಡೆದುಕೊಳ್ಳುವ ಟಾರ್ಕ್ ಸುಮಾರು 2,500. ಅದಕ್ಕಿಂತ ಹೆಚ್ಚಾದರೆ ಟಯರು ಜಾರಿಬಿಡುತ್ತದೆ. ಮಿಕ್ಕದ್ದೆಲ್ಲ ಹೊಗೆ. ಆಕ್ಸಲ್‌ಗೆ 2,500ಕ್ಕಿಂತ ಹೆಚ್ಚಿನದು ಗೊತ್ತೇ ಆಗುವುದಿಲ್ಲ.

ಈಗ ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ ಟಯರು ಮಾತ್ರ ಬದಲಿಸಿ. ಡ್ರ್ಯಾಗ್ ರೇಸಿನ ಮೆದು ರಬ್ಬರಿನ ಟಯರು ಅಂಟು ಬಳಿದ ಟ್ರ್ಯಾಕಿನಲ್ಲಿ ತನ್ನ ಮೇಲಿನ ಭಾರದ ಒಂದೂವರೆ ಪಟ್ಟು ಎಳೆತವನ್ನು ಹಿಡಿಯುತ್ತದೆ. ಎಳೆತ ಹೆಚ್ಚಿದಂತೆ ಭಾರವೂ ಇನ್ನಷ್ಟು ಹಿಂದಕ್ಕೆ ಸರಿದು ಹಿಡಿತ ಮತ್ತೂ ಹೆಚ್ಚುತ್ತದೆ. ಲೆಕ್ಕ ಸುಮಾರು 4,800ಕ್ಕೆ ಬಂದು ನಿಲ್ಲುತ್ತದೆ. ಎಂಜಿನ್ನಿಗೆ ಒಂದು ಅಶ್ವಶಕ್ತಿಯೂ ಸೇರದೆ ಆಕ್ಸಲ್ ಹೊರಬೇಕಾದ ಹೊರೆ ಹತ್ತಿರ ಹತ್ತಿರ ಎರಡರಷ್ಟಾಯಿತು. ಇದು ನಿಧಾನವಾಗಿ ಕಾಲು ಒತ್ತಿದಾಗಿನ ಮಾತು. ಎಂಜಿನ್ನನ್ನು ಜೋರಾಗಿ ತಿರುಗಿಸಿ ಕ್ಲಚ್ಚನ್ನು ಒಮ್ಮೆಗೇ ಬಿಟ್ಟರೆ, ತಿರುಗುತ್ತಿದ್ದ ಫ್ಲೈವೀಲಿನ ಆವೇಗವೂ ಸೇರಿ ಸುತ್ತಿಗೆಯ ಏಟಿನಂತೆ ಬೀಳುತ್ತದೆ. ರಸ್ತೆ ಟಯರಾದರೆ ಆ ಏಟನ್ನು ಜಾರಿ ತಪ್ಪಿಸಿಕೊಳ್ಳುತ್ತಿತ್ತು. ಈ ಟಯರು ಜಾರುವುದಿಲ್ಲ.

ಶಿರಾಡಿ ಘಾಟಿಯ ಏರಿನಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಸೊಪ್ಪಿನ ಗೊಂಚಲು ಸಿಕ್ಕಿಸಿ ನಿಂತ ಲಾರಿಯನ್ನು ನೀವೂ ನೋಡಿರುತ್ತೀರಿ. ಕೇಳಿದರೆ ಕ್ಲೀನರು ಹೇಳುವುದು ಒಂದೇ ಮಾತು: 'ಆಕ್ಸಲ್ ಕಟ್ಟಾಗಿದೆ ಸಾರ್.' ಖಾಲಿ ಲಾರಿಯ ಆಕ್ಸಲ್ ಹೀಗೆ ಕಟ್ಟಾಗುವುದು ಅಪರೂಪ. ತುಂಬಿದ ಲಾರಿಯ ಟಯರು ಹೊರೆಯ ಭಾರದಿಂದಾಗಿ ಜಾರಲಾರದು, ಹಾಗಾಗಿ ಒಳಗಿನ ಉಕ್ಕು ಮುರಿಯುತ್ತದೆ. ಅಲ್ಲಿ ಅಕ್ಕಿಮೂಟೆ ಮಾಡುವ ಕೆಲಸವನ್ನು ಡ್ರ್ಯಾಗ್ ರೇಸಿನಲ್ಲಿ ರಬ್ಬರು ಮಾಡುತ್ತದೆ.

ಈ ಆಟ ಹುಟ್ಟಿದಾಗ ಟಯರಿನ ಪ್ರಶ್ನೆ ಅಷ್ಟಾಗಿ ಇರಲಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ನೀರಾರಿದ ಕೆರೆಗಳ ಬಟ್ಟಂಬಯಲುಗಳಿವೆ. ಮುರಾಕ್, ಎಲ್ ಮಿರಾಜ್ ಎಂಬ ಹೆಸರಿನ ಈ ಬಯಲುಗಳಲ್ಲಿ 1930ರ ದಶಕದ ಹುಡುಗರು ಹಳೆಯ ಫೋರ್ಡ್ ಕಾರುಗಳ ಮೈ ಕಳಚಿ ಓಡಿಸುತ್ತಿದ್ದರು. 1937ರಲ್ಲಿ ಅವರ ಕ್ಲಬ್ಬುಗಳೆಲ್ಲ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಅಲ್ಲಿ ಓಟವೆಂದರೆ ಮೈಲಿಗಟ್ಟಲೆ ದೂರದಿಂದ ವೇಗ ಕೂಡಿಸಿಕೊಂಡು ಬಂದು ಗಡಿಯಾರದ ಎದುರು ಹಾಯುವುದು. ಹೊರಡುವಾಗ ಚಕ್ರ ಜಾರಿದರೂ ಚಿಂತೆಯಿಲ್ಲ, ಬಯಲು ಉದ್ದವಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಚಿತ್ರ ಬದಲಾಯಿತು. ಸೈನ್ಯದಲ್ಲಿ ಯಂತ್ರಗಳೊಡನೆ ಪಳಗಿ ಮರಳಿದ ಯುವಕರಿದ್ದರು, ಯುದ್ಧಕ್ಕಾಗಿ ಕಟ್ಟಿ ಈಗ ಬೇಡವಾದ ವಿಮಾನದಾಣಗಳ ರನ್‌ವೇಗಳಿದ್ದವು. ಊರ ಬೀದಿಗಳಲ್ಲಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಪಂದ್ಯ ಕಟ್ಟಿ ಓಡಿಸುವ ಹುಡುಗರಿಂದ ಪೊಲೀಸರೂ ಪತ್ರಿಕೆಗಳೂ ರೋಸಿಹೋಗಿದ್ದವು. 1950ರಲ್ಲಿ ಸಿ.ಜೆ. ಹಾರ್ಟ್ ಎಂಬವರು ಸಾಂಟಾ ಆನಾದ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಹಣ ಪಡೆದು ಓಟ ನಡೆಸಲು ಶುರುಮಾಡಿದರು. 1951ರಲ್ಲಿ 'ಹಾಟ್ ರಾಡ್' ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ ಮುಂದೆ ನಿಂತು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್, ಅಂದರೆ ಎನ್‌ಎಚ್‌ಆರ್‌ಎ, ಸ್ಥಾಪಿಸಿದರು. 1955ರಲ್ಲಿ ಕನ್ಸಾಸ್‌ನ ಗ್ರೇಟ್ ಬೆಂಡ್‌ನಲ್ಲಿ, ಅದೂ ಯುದ್ಧಕಾಲದ ವಿಮಾನದಾಣವೇ, ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. ದೂರ ಕಾಲು ಮೈಲಿ, 1,320 ಅಡಿ. ನಿಂತಲ್ಲಿಂದ ಹೊರಡಬೇಕು. ಮೈಲಿಗಟ್ಟಲೆಯ ಬಯಲು ಕಾಲು ಮೈಲಿಗೆ ಕುಗ್ಗಿದ ಕ್ಷಣವೇ ಮೊದಲ ಕೆಲವು ಅಡಿಗಳು ಚಿನ್ನದಷ್ಟು ಬೆಲೆಬಾಳತೊಡಗಿದವು. ಎಂಜಿನ್ನಿಗಿಂತ ಹಿಡಿತ ದೊಡ್ಡದಾಯಿತು.

ಅದೇ ಹೊತ್ತಿಗೆ ಎಂಜಿನ್ನುಗಳೂ ಬದಲಾಗಿದ್ದವು. 1949ರಲ್ಲಿ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೀಲ್ ಹೊಸ ಬಗೆಯ ವಿ8 ಎಂಜಿನ್ನುಗಳನ್ನು ತಂದವು. ಹುಡುಗರು ಅವನ್ನು ಗುಜರಿಯಿಂದ ತಂದು 1930ರ ದಶಕದ ಫೋರ್ಡುಗಳಿಗೆ ಕೂರಿಸಿದರು. ಹಳೆಯ ಎಂಜಿನ್ನಿಗೆಂದು ಮಾಡಿದ ಫೋರ್ಡ್ ಗೇರ್‌ಬಾಕ್ಸು ಹೊಸ ಶಕ್ತಿಗೆ ಹಲ್ಲುದುರಿಸತೊಡಗಿತು. ಹುಡುಗರು ಮತ್ತೆ ಗುಜರಿಗೆ ಹೋದರು. ಹಳೆಯ ಕ್ಯಾಡಿಲಾಕ್ ಮತ್ತು ಲಾಸಾಲ್ ಕಾರುಗಳ ಗಟ್ಟಿ ಗೇರ್‌ಬಾಕ್ಸ್ ಹುಡುಕಿ ತಂದರು. ಮುಂದೆ ಓಲ್ಡ್ಸ್‌ಮೊಬೀಲ್, ಪಾಂಟಿಯಾಕ್ ಕಾರುಗಳ ಹಿಂದಿನ ಆಕ್ಸಲ್‌ಗಳಿಗೆ ಬೇಡಿಕೆ ಬಂತು. ಯಾವ ಕಾರಿನ ಯಾವ ಅಂಗ ಎಷ್ಟು ತಡೆಯುತ್ತದೆ ಎಂಬ ಜ್ಞಾನ ಯಾವ ಕಾಲೇಜಿನಲ್ಲೂ ಇರಲಿಲ್ಲ. ಅದು ಮುರಿದ ಲೋಹದಿಂದ ಕಲಿತದ್ದು, ಬಾಯಿಂದ ಬಾಯಿಗೆ ಹರಡಿದ್ದು, ಒಂದು ಬಗೆಯ ಜಾನಪದ.

ಟಯರಿನ ಕಡೆಯಲ್ಲಿ ಮೊದಲ ಉಪಾಯವೂ ಗುಜರಿಯದ್ದೇ. ಹಳೆಯ ಟಯರಿನ ಮೇಲೆ ಹೊಸ ರಬ್ಬರು ಅಂಟಿಸಿ ರಿಟ್ರೆಡ್ ಮಾಡುವಾಗ ಗೆರೆಗಳನ್ನೇ ಕೊರೆಯದೆ ನುಣುಪಾಗಿ ಬಿಟ್ಟರು. ಗೆರೆಗಳು ಮಳೆನೀರು ಹೊರಹಾಕಲು ಇರುವಂಥವು, ಒಣ ಟ್ರ್ಯಾಕಿನಲ್ಲಿ ಅವು ಹಿಡಿತಕ್ಕೆ ನಷ್ಟ. ಈ ನುಣುಪು ಟಯರಿಗೆ ಸ್ಲಿಕ್ ಎಂಬ ಹೆಸರು ಬಂತು. 1950ರ ದಶಕದ ಕೊನೆಗೆ ಮಾರ್ವಿನ್ ರಿಫ್ಕಿನ್ ಅವರ ಎಂ ಅಂಡ್ ಎಚ್ ಕಂಪನಿ ಡ್ರ್ಯಾಗ್ ರೇಸಿಗೆಂದೇ ಹುಟ್ಟಿನಿಂದ ಸ್ಲಿಕ್ ಆದ ಟಯರುಗಳನ್ನು ತಯಾರಿಸತೊಡಗಿತು. ಘರ್ಷಣೆಯ ಎಳೆತ ಭಾರವನ್ನು ಮೀರಲಾರದು ಎಂದು ಲೆಕ್ಕ ಹಾಕಿ, ಕಾಲು ಮೈಲಿಯಲ್ಲಿ ಇಷ್ಟೇ ವೇಗ ಸಾಧ್ಯ ಎಂದು ಗೆರೆ ಎಳೆದವರು ಆಗ ಇದ್ದರು. ಬಿಸಿಯಾದ ಮೆದು ರಬ್ಬರು ಆ ಲೆಕ್ಕಕ್ಕೆ ಸಿಗಲಿಲ್ಲ. ಅದು ಉಜ್ಜುವುದಷ್ಟೇ ಅಲ್ಲ, ಹಲಸಿನ ಮೇಣದಂತೆ ಅಂಟುತ್ತದೆ, ನೆಲದ ಸಣ್ಣ ಸಣ್ಣ ಕುಳಿಗಳೊಳಕ್ಕೆ ಇಳಿದು ಹಿಡಿಯುತ್ತದೆ. 1957ರಲ್ಲಿ ಫ್ಲಾರಿಡಾದ ಡಾನ್ ಗಾರ್ಲಿಟ್ಸ್ ಎಂಬ ಯುವಕ ತಾನೇ ಕಟ್ಟಿದ ಕಾರಿನಲ್ಲಿ ಗಂಟೆಗೆ 176.40 ಮೈಲಿ ಮುಟ್ಟಿದಾಗ ಕ್ಯಾಲಿಫೋರ್ನಿಯಾದವರು ಗಡಿಯಾರ ಸರಿಯಿಲ್ಲ ಎಂದು ನಕ್ಕರು. 1964ರಲ್ಲಿ ಅದೇ ಗಾರ್ಲಿಟ್ಸ್ 200 ಮೈಲಿ ದಾಟಿದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಹಿಡಿತದ ಹಸಿವು ಕಾರಿನ ಆಕಾರವನ್ನೇ ಬದಲಿಸಿತು. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚಬೇಕೆಂದು 1954ರಲ್ಲಿ ಮಿಕಿ ಥಾಮ್ಸನ್ ಚಾಲಕನನ್ನೇ ಹಿಂದಿನ ಆಕ್ಸಲ್‌ನ ಆಚೆಗೆ ಕೂರಿಸಿದರು. ಕವಣೆಯಲ್ಲಿಟ್ಟ ಕಲ್ಲಿನಂತೆ ಕಾಣುತ್ತಿದ್ದ ಈ ಬಗೆಗೆ ಸ್ಲಿಂಗ್‌ಶಾಟ್ ಎಂದು ಹೆಸರಾಯಿತು, ಮುಂದಿನ ಹದಿನೈದು ವರ್ಷ ಅದೇ ಮಾದರಿಯಾಗಿ ಉಳಿಯಿತು. ಚಾಲಕನ ಎರಡು ಕಾಲುಗಳ ನಡುವೆ ಡಿಫರೆನ್ಶಿಯಲ್, ಪಾದಗಳ ಬಳಿ ಗೇರ್‌ಬಾಕ್ಸ್ ಮತ್ತು ಕ್ಲಚ್, ಅದರ ಮುಂದೆ ಉರಿಯುವ ಎಂಜಿನ್ನು. ಮುರಿಯಬಲ್ಲ ಎಲ್ಲವೂ ಮನುಷ್ಯನ ಮೈಗೆ ತಾಗಿಕೊಂಡೇ ಇದ್ದವು.

ಇವೆಲ್ಲ ವೃತ್ತಿಪರರ ಮಾತು. ಬೀದಿಯಲ್ಲಿ ಓಡುವ ಕಾರಿನ ಕತೆ ನಿಜವಾಗಿ ಶುರುವಾಗುವುದು 1960ರ ದಶಕದಲ್ಲಿ. 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರಿಗೆ ತನ್ನ ದೊಡ್ಡ ಎಂಜಿನ್ನನ್ನು ಕೂರಿಸಿ ಜಿಟಿಒ ಎಂದು ಮಾರಿತು. ಬೇರೆ ಕಂಪನಿಗಳೂ ಬೆನ್ನುಹತ್ತಿದವು. ಇಪ್ಪತ್ತೆರಡರ ಹುಡುಗನೂ ಕಂತಿನ ಮೇಲೆ ಮುನ್ನೂರು ಅಶ್ವಶಕ್ತಿಯ ಕಾರು ಕೊಳ್ಳಬಹುದಾದ ಕಾಲ ಅದು. ವಾರವೆಲ್ಲ ಕೆಲಸಕ್ಕೆ ಹೋಗಲು ಅದೇ ಕಾರು, ವಾರಾಂತ್ಯ ರೇಸಿಗೂ ಅದೇ. ಡಿಕ್ಕಿಯಲ್ಲಿ ಎರಡು ಸ್ಲಿಕ್, ಒಂದು ಜಾಕ್. ಟ್ರ್ಯಾಕಿಗೆ ಹೋಗಿ ಹಿಂದಿನ ಟಯರು ಬದಲಿಸಿ ಓಡಿಸಿ, ಮತ್ತೆ ಹಳೆಯದನ್ನು ಹಾಕಿಕೊಂಡು ಮನೆಗೆ. ಎಲ್ಲ ಸರಿಹೋದರೆ. ಸರಿಹೋಗದಿದ್ದರೆ ಹೋಗುವಾಗ ತಾನೇ ಓಡಿಸಿಕೊಂಡು ಹೋದ ಕಾರನ್ನು ಬರುವಾಗ ಗೆಳೆಯನ ಕಾರಿಗೆ ಹಗ್ಗ ಕಟ್ಟಿ ತರಬೇಕು. ಸೋಮವಾರ ಕೆಲಸಕ್ಕೆ ಬಸ್ಸು. ಕಂತು ಮಾತ್ರ ನಿಲ್ಲುವುದಿಲ್ಲ.

ಮುರಿಯುವುದೂ ಒಂದೇ ಬಗೆಯಲ್ಲಿ ಅಲ್ಲ. ಆಕ್ಸಲ್‌ನ ತುದಿಯಲ್ಲಿ ಸ್ಪ್ಲೈನ್ ಎಂಬ ನೇರವಾದ ಗೀರುಗಳಿರುತ್ತವೆ, ಅವೇ ಡಿಫರೆನ್ಶಿಯಲ್ಲಿನಿಂದ ಬಲವನ್ನು ಪಡೆಯುವುದು. ಮಿತಿ ಮೀರಿದಾಗ ಆ ನೇರ ಗೀರುಗಳು ಹುರಿಹಗ್ಗದಂತೆ ತಿರುಚಿಕೊಳ್ಳುತ್ತವೆ. ಆಗಲೇ ಕಳಚಿ ನೋಡಿದವನು ಪುಣ್ಯವಂತ, ನೋಡದವನ ಆಕ್ಸಲ್ ಮುಂದಿನ ವಾರ ತುಂಡಾಗುತ್ತದೆ. ಕೆಲವು ಕಾರುಗಳಲ್ಲಿ ಆಕ್ಸಲ್ಲನ್ನು ಒಳತುದಿಯ ಒಂದು ಸಣ್ಣ ಕ್ಲಿಪ್ಪು ಮಾತ್ರ ಹಿಡಿದಿಟ್ಟಿರುತ್ತದೆ. ಅಂಥ ಕಾರಿನಲ್ಲಿ ಆಕ್ಸಲ್ ಮುರಿದರೆ ಚಕ್ರವೇ ಹೊರಗೆ ಜಾರಿ ಬರುತ್ತದೆ. ಕ್ರೌನ್-ಪಿನಿಯನ್ ಹಲ್ಲುಗಳು ಒಂದನ್ನೊಂದು ದೂರ ತಳ್ಳುತ್ತವೆ. ಹೊರಕವಚ ಕೂದಲಿನಷ್ಟು ಬಾಗಿದರೂ ಹಲ್ಲುಗಳ ತುದಿಗೆ ತುದಿ ತಾಗಿ ಚೂರಾಗುತ್ತವೆ. ಎಲ್ಲಕ್ಕಿಂತ ಭಯದ್ದು ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಜಾಯಿಂಟ್ ಮುರಿಯುವುದು. ಶಾಫ್ಟಿನ ತುದಿ ಕೆಳಗೆ ಬಿದ್ದು ನೆಲಕ್ಕೆ ಚುಚ್ಚಿಕೊಂಡರೆ, ಕೋಲೂರಿ ಜಿಗಿಯುವ ಓಟಗಾರನಂತೆ ಕಾರೇ ಹಿಂದಿನಿಂದ ಮೇಲಕ್ಕೇಳುತ್ತದೆ.

ಟಯರು ಪೂರ್ತಿ ಹಿಡಿಯುವುದೂ ಅಲ್ಲದೆ ಪೂರ್ತಿ ಜಾರುವುದೂ ಅಲ್ಲದೆ ನಡುವೆ ತುಯ್ದಾಡಿದರೆ ಇನ್ನೂ ಕೆಟ್ಟದ್ದು. ಹಿಡಿದು, ಬಿಟ್ಟು, ಮತ್ತೆ ಹಿಡಿದು ಹಿಂದಿನ ಚಕ್ರಗಳು ಕುಣಿಯತೊಡಗುತ್ತವೆ. ಪ್ರತಿ ಸಲ ನೆಲಕ್ಕೆ ಬಡಿದಾಗಲೂ ಆಕ್ಸಲ್‌ಗೆ ಒಂದು ಹೊಸ ಏಟು. ಒಂದೇ ಸಮನೆ ಎಳೆದರೆ ತಾಳಿಕೊಳ್ಳುವ ಹಗ್ಗ ಜಗ್ಗಿ ಜಗ್ಗಿ ಎಳೆದರೆ ಹರಿಯುವ ಹಾಗೆ, ಇಲ್ಲಿ ಉಕ್ಕು ಮುರಿಯುವುದು ಬಲದಿಂದಲ್ಲ, ಕುಲುಕಾಟದಿಂದ. ಆ ಕಾಲದ ಹುಡುಗರು ಹಿಂದಿನ ಪಟ್ಟಾ ಸ್ಪ್ರಿಂಗುಗಳಿಗೆ ಟ್ರ್ಯಾಕ್ಷನ್ ಬಾರ್ ಎಂಬ ಊರುಗೋಲು ಕಟ್ಟುತ್ತಿದ್ದದ್ದು ಈ ಕುಣಿತ ತಡೆಯಲೆಂದು.

ಕಾರಿನ ಕಂಪನಿಗಳಿಗೆ ಇದೆಲ್ಲ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಅದಕ್ಕೊಂದು ಸಾಕ್ಷಿ ಕ್ರೈಸ್ಲರ್ ಕಂಪನಿಯ 426 ಹೆಮಿ ಎಂಜಿನ್ನು. 1966ರಲ್ಲಿ 425 ಅಶ್ವಶಕ್ತಿಯ ಈ ಎಂಜಿನ್ನು ಬೀದಿ ಕಾರುಗಳಿಗೆ ಬಂದಾಗ ಗ್ರಾಹಕ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬೇಕೆಂದರೆ 8¾ ಇಂಚಿನ ಕ್ರೌನ್ ಇರುವ ಹಿಂದಿನ ಆಕ್ಸಲ್ ಕೊಡುತ್ತಿದ್ದರು. ಕ್ಲಚ್ ಇರುವ ನಾಲ್ಕು ಗೇರಿನ ಪೆಟ್ಟಿಗೆ ಬೇಕೆಂದರೆ 9¾ ಇಂಚಿನ, ಲಾರಿ ಜಾತಿಯ, ಡಾನಾ 60 ಎಂಬ ಆಕ್ಸಲ್. ಎಂಜಿನ್ನು ಒಂದೇ, ಟಯರು ಒಂದೇ, ಆಕ್ಸಲ್ ಮಾತ್ರ ಎರಡು. ಆಟೋಮ್ಯಾಟಿಕ್ಕಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇದೆ, ಏಟನ್ನು ಎಣ್ಣೆ ನುಂಗಿಕೊಳ್ಳುತ್ತದೆ. ಕ್ಲಚ್ಚಿನಲ್ಲಿ ಏಟಿಗೆ ಅಡ್ಡ ಯಾರೂ ಇಲ್ಲ. ಗಟ್ಟಿತನವನ್ನು ಎಂಜಿನ್ನಿನ ಶಕ್ತಿ ನೋಡಿ ಅಳೆಯಬಾರದು, ಆ ಶಕ್ತಿ ಹೇಗೆ ಬಂದು ಬೀಳುತ್ತದೆ ಎಂಬುದನ್ನು ನೋಡಿ ಅಳೆಯಬೇಕು ಎಂಬ ತಿಳಿವಳಿಕೆ ಆ ಎರಡು ಸಂಖ್ಯೆಗಳಲ್ಲಿ ಅಡಗಿದೆ. ಫೋರ್ಡ್ 1957ರಲ್ಲಿ ತಂದ 9 ಇಂಚಿನ ಆಕ್ಸಲ್ ಇಂದಿಗೂ ರೇಸಿನವರ ಮೆಚ್ಚಿನದು. ಅದರ ಪಿನಿಯನ್ನನ್ನು ಹಿಂದೆ ಮಾತ್ರವಲ್ಲದೆ ಮೂತಿಯ ಕಡೆಯಲ್ಲೂ ಒಂದು ಬೇರಿಂಗ್ ಹಿಡಿದಿರುವುದರಿಂದ ಹಲ್ಲುಗಳು ದೂರ ಸರಿಯಲು ಆಸ್ಪದ ಕಡಿಮೆ.

ಆದರೂ ಒಂದನ್ನು ಗಟ್ಟಿ ಮಾಡಿದರೆ ಮುರಿತ ಮುಂದಿನದಕ್ಕೆ ಹೋಗುತ್ತದೆ ಎಂಬ ಪಾಠವನ್ನು ಪ್ರತಿಯೊಬ್ಬನೂ ತನ್ನ ಜೇಬಿನಿಂದಲೇ ಕಲಿಯಬೇಕಾಯಿತು. ಆಕ್ಸಲ್ ಬದಲಿಸಿದರೆ ಜಾಯಿಂಟ್ ಹೋಗುತ್ತಿತ್ತು, ಜಾಯಿಂಟ್ ಬದಲಿಸಿದರೆ ಗೇರ್‌ಬಾಕ್ಸು, ಅದೂ ಗಟ್ಟಿಯಾದರೆ ಕ್ಲಚ್. ಟಯರಿನವರು ಕಂಡುಕೊಂಡ ಒಂದು ಉಪಾಯ ಮಾತ್ರ ಸೊಗಸಾದದ್ದು. 1960ರ ದಶಕದಲ್ಲಿ ಬಂದ ಹೊಸ ಸ್ಲಿಕ್ಕುಗಳ ಪಕ್ಕದ ಗೋಡೆ ತೀರ ಮೆದು, ಒಳಗೆ ಗಾಳಿಯೂ ಕಡಿಮೆ. ಕಾರು ಹೊರಡುವಾಗ ರಿಮ್ಮು ಮೊದಲು ತಿರುಗುತ್ತದೆ, ನೆಲಕ್ಕೆ ಕಚ್ಚಿದ ರಬ್ಬರು ಹಿಂದುಳಿಯುತ್ತದೆ, ನಡುವಿನ ಗೋಡೆ ಸೀರೆಯ ನೆರಿಗೆಯಂತೆ ಸುಕ್ಕುಗಟ್ಟುತ್ತದೆ. ಆ ಸುಕ್ಕೇ ಸ್ಪ್ರಿಂಗು. ಜಾರದೆಯೂ ಏಟನ್ನು ಮೆತ್ತಗೆ ಮಾಡುವ ಬಗೆ ಅದು. ಈಚಿನ ದಶಕಗಳಲ್ಲಿ ಬೀದಿಯಲ್ಲೂ ಓಡಿಸಲು ಕಾನೂನಿನ ಒಪ್ಪಿಗೆಯಿರುವ ಡ್ರ್ಯಾಗ್ ರೇಡಿಯಲ್ ಟಯರುಗಳು ಬಂದಿವೆ. ಇವುಗಳ ಗೋಡೆ ಬಿಗಿ, ಸುಕ್ಕು ಕಡಿಮೆ. ನೋಡಲು ಸಾಧು, ಆದರೆ ಏಟು ನೇರವಾಗಿ ಒಳಗೆ ಹೋಗುತ್ತದೆ. 'ಬರೀ ಬೀದಿ ಟಯರು ತಾನೆ' ಎಂದು ಇದನ್ನು ಹಾಕಿ ಕ್ಲಚ್ಚನ್ನು ಒಮ್ಮೆಗೇ ಬಿಟ್ಟವನಿಗೆ ಹಳೆಯ ಸ್ಲಿಕ್ಕಿಗಿಂತ ಬೇಗ ಪಾಠವಾಗಬಹುದು.

ವೃತ್ತಿಪರರ ಕಣಕ್ಕೆ ಮರಳೋಣ. 1960ರ ದಶಕದ ನಡುವಿನವರೆಗೂ ಅತಿವೇಗದ ಕಾರುಗಳು ಕಾಲು ಮೈಲಿಯುದ್ದಕ್ಕೂ ಹೊಗೆಯೆಬ್ಬಿಸಿಕೊಂಡೇ ಓಡುತ್ತಿದ್ದವು. ಟಯರು ಇಡೀ ದಾರಿ ಜಾರುತ್ತಿತ್ತು. ದಶಕದ ಕೊನೆಗೆ ಟಯರುಗಳು ಎಷ್ಟು ಅಂಟತೊಡಗಿದವೆಂದರೆ ಹೊಗೆ ನಿಂತೇಹೋಯಿತು. ಈಗ ಜಾರುವ ಕೆಲಸವನ್ನು ಬೇರೆ ಯಾರಾದರೂ ವಹಿಸಿಕೊಳ್ಳಲೇಬೇಕು. ಎಂಜಿನಿಯರುಗಳು ಅದನ್ನು ಕ್ಲಚ್ಚಿಗೆ ವಹಿಸಿದರು. ಬೇಕೆಂದೇ ಜಾರುವ, ಜಾರುತ್ತ ಜಾರುತ್ತ ನಿಧಾನವಾಗಿ ಕಚ್ಚುವ ಕ್ಲಚ್ ಬಂತು. ಫ್ಯೂಸನ್ನು ಕಾರಿನ ಹೊರಗಿನಿಂದ ಒಳಕ್ಕೆ ತಂದ ಹಾಗಾಯಿತು. ಹೊರಗೆ ಜಾರಿದ ಟಯರು ಹೊಗೆ ಕೊಡುತ್ತಿತ್ತು, ಒಳಗೆ ಜಾರುವ ಕ್ಲಚ್ ಕೆಂಡವಾಗುತ್ತದೆ. ಕೆಂಡವಾದ ಉಕ್ಕಿನ ಬಿಲ್ಲೆಗಳು ಸಿಡಿದರೆ ಬಾಂಬಿನಂತೆ ಸಿಡಿಯುತ್ತವೆ. ಕ್ಲಚ್ ಮತ್ತು ಫ್ಲೈವೀಲಿನ ಸುತ್ತ ದಪ್ಪ ಉಕ್ಕಿನ ರಕ್ಷಾಕವಚ ಕಡ್ಡಾಯವಾದದ್ದು ಇಂಥ ಸಿಡಿತಗಳಿಂದಲೇ.

1970ರ ಮಾರ್ಚ್ 8. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಳಿಯ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್. ಡಾನ್ ಗಾರ್ಲಿಟ್ಸ್‌ಗೆ ಆಗ 38 ವರ್ಷ. ಸ್ವಾಂಪ್ ರ‍್ಯಾಟ್ 13 ಎಂಬ ತಮ್ಮ ಸ್ಲಿಂಗ್‌ಶಾಟ್ ಕಾರಿನಲ್ಲಿ ಹೊರಡುವ ಗೆರೆಯ ಮೇಲೆ ನಿಂತಿದ್ದರು. ಹಸಿರು ದೀಪ ಬಂತು, ಕಾರು ನೆಗೆಯಿತು, ಅದೇ ಕ್ಷಣ ಎರಡು ಗೇರಿನ ಗೇರ್‌ಬಾಕ್ಸ್ ಸಿಡಿಯಿತು. ಅದಿದ್ದದ್ದು ಅವರ ಪಾದಗಳ ಬಳಿ. ಕಾರು ಎರಡು ತುಂಡಾಯಿತು. ಬಲಪಾದದ ಮುಂಭಾಗ ಹೋಯಿತು. ಟಯರು ಹಿಡಿದಿತ್ತು, ಎಂಜಿನ್ನು ಹಿಡಿದಿತ್ತು. ನಡುವಿನದು ಹಿಡಿಯಲಿಲ್ಲ.

ಆಸ್ಪತ್ರೆಯಲ್ಲಿ ಮಲಗಿದ್ದ ಗಾರ್ಲಿಟ್ಸ್ ಹೊಸ ಕಾರೊಂದನ್ನು ಮನಸ್ಸಿನಲ್ಲೇ ಕಟ್ಟತೊಡಗಿದರು. ಎಂಜಿನ್ನು, ಕ್ಲಚ್, ಡಿಫರೆನ್ಶಿಯಲ್ ಎಲ್ಲವೂ ಹಿಂದೆ, ಮನುಷ್ಯ ಮುಂದೆ. ಅದಕ್ಕೆ ಮೊದಲೂ ಕೆಲವರು ಹಾಗೆ ಕಟ್ಟಿದ್ದರು. ಅಂಥ ಕಾರು ನೇರವಾಗಿ ಓಡುವುದಿಲ್ಲ ಎಂಬುದು ಎಲ್ಲರ ನಂಬಿಕೆಯಾಗಿತ್ತು. ಗಾರ್ಲಿಟ್ಸ್ ಮತ್ತು ಅವರ ಸಂಗಡಿಗರಿಗೂ ಮೊದಮೊದಲು ಅದು ಹಿಡಿತಕ್ಕೆ ಸಿಗಲಿಲ್ಲ. ಸ್ಟಿಯರಿಂಗ್ ತೀರ ಚುರುಕಾಗಿದೆ, ಅದನ್ನು ನಿಧಾನಗೊಳಿಸಬೇಕು ಎಂದು ಹೊಳೆದ ಮೇಲೆ ಕಾರು ಬಾಣದಂತೆ ಓಡಿತು. 1971ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಪಂದ್ಯವನ್ನು ಅದು ಗೆದ್ದಿತು. ಕೆಲವೇ ವರ್ಷಗಳಲ್ಲಿ ಸ್ಲಿಂಗ್‌ಶಾಟ್ ಮಾದರಿ ಕಣದಿಂದಲೇ ಮರೆಯಾಯಿತು. ಇಂದಿನ ಟಾಪ್ ಫ್ಯುಯೆಲ್ ಕಾರುಗಳೆಲ್ಲ ಆ ಆಸ್ಪತ್ರೆಯ ಮಂಚದ ಮೇಲೆ ಹುಟ್ಟಿದ ರೂಪದಲ್ಲೇ ಇವೆ. ಅವುಗಳಲ್ಲಿ ಬದಲಾಯಿಸುವ ಗೇರುಗಳೇ ಇಲ್ಲ. ಜಾರುವ ಕ್ಲಚ್ಚೊಂದೇ, ಪ್ರತಿ ಓಟದ ನಂತರ ಅದರ ಬಿಲ್ಲೆಗಳನ್ನು ಕಿತ್ತು ಹೊಸದು ಹಾಕುತ್ತಾರೆ. ಸೋಲುವುದೇ ಅದರ ಉದ್ಯೋಗ.

ಸಾಮಾನ್ಯ ಬೀದಿ ಕಾರಿನವನಿಗೆ ಈ ಚರಿತ್ರೆಯೆಲ್ಲ ಒಂದು ನಿಯಮದ ರೂಪದಲ್ಲಿ ಬಂದು ಮುಟ್ಟಿದೆ. ಎನ್‌ಎಚ್‌ಆರ್‌ಎಯ ನಿಯಮ ಪುಸ್ತಕ ಪ್ರೊಪೆಲ್ಲರ್ ಶಾಫ್ಟಿನ ಮುಂಭಾಗದ ಸುತ್ತ ಉಕ್ಕಿನ ಬಳೆಯೊಂದನ್ನು ಕೇಳುತ್ತದೆ, ಜಾಯಿಂಟ್ ಮುರಿದರೂ ಶಾಫ್ಟ್ ನೆಲಕ್ಕೆ ಬೀಳದಿರಲೆಂದು. ಯಾರಿಗೆ ಅದು ಕಡ್ಡಾಯ? ಸ್ಲಿಕ್ ಹಾಕಿದ ಕಾರು ಕಾಲು ಮೈಲಿಯನ್ನು 13.99 ಸೆಕೆಂಡಿನಲ್ಲಿ ಅಥವಾ ಅದಕ್ಕಿಂತ ಬೇಗ ಮುಗಿಸಿದರೆ ಬಳೆ ಬೇಕೇ ಬೇಕು. ಬೀದಿ ಟಯರಿನ ಕಾರಾದರೆ 11.49 ಸೆಕೆಂಡಿನವರೆಗೂ ವಿನಾಯಿತಿ. ಎರಡೂವರೆ ಸೆಕೆಂಡಿನ ಆ ಅಂತರ ಈ ಆಟದಲ್ಲಿ ದೊಡ್ಡದು, ಅದನ್ನು ದಾಟಲು ನೂರಾರು ಅಶ್ವಶಕ್ತಿ ಬೇಕು. ನಿಯಮ ಬರೆದವರು ಎಂಜಿನ್ನನ್ನು ನೋಡಲಿಲ್ಲ, ಬೆಲೆಯನ್ನು ನೋಡಲಿಲ್ಲ. ಟಯರನ್ನು ನೋಡಿದರು.

2018ರ ಮಾದರಿಯಾಗಿ ಡಾಜ್ ಕಂಪನಿ ಚಾಲೆಂಜರ್ ಡೀಮನ್ ಎಂಬ ಕಾರನ್ನು ಮಾರುಕಟ್ಟೆಗೆ ಬಿಟ್ಟಾಗ ಒಂದು ವರ್ತುಲ ಪೂರ್ತಿಯಾಯಿತು. ರೇಸಿನ ಇಂಧನ ಹಾಕಿದರೆ 840 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ 315 ಮಿಲಿಮೀಟರ್ ಅಗಲದ ಡ್ರ್ಯಾಗ್ ರೇಡಿಯಲ್, ಹೊರಡುವಾಗ ಮುಂದಿನ ಚಕ್ರಗಳೇ ನೆಲ ಬಿಡುತ್ತವೆ. ಅರುವತ್ತು ವರ್ಷ ಹುಡುಗರು ಡಿಕ್ಕಿಯಲ್ಲಿ ಹೊತ್ತೊಯ್ದ ಟಯರನ್ನು ಕಾರ್ಖಾನೆಯೇ ಹಾಕಿ ಕೊಟ್ಟಿತು. ಜಾಹೀರಾತು ಅಶ್ವಶಕ್ತಿಯ ಬಗ್ಗೆ ಕೂಗಿತು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅಂಥ ಟಯರು ಹಾಕಲು ನಿರ್ಧರಿಸಿದ ಕೂಡಲೇ ಅವರು ಹಿಂದಿನ ಮಾದರಿಯ ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಶಿಯಲ್ ಕವಚ, ಆಕ್ಸಲ್ ಮೂರನ್ನೂ ತೆಗೆದು ಹೆಚ್ಚು ಗಟ್ಟಿಯವನ್ನು ಹಾಕಬೇಕಾಯಿತು. ಟಯರು ಅಗ್ಗದ ಭಾಗ, ಅದರ ನಿಜವಾದ ಬೆಲೆ ಈ ಪಟ್ಟಿಯಲ್ಲಿದೆ.

ಬೀದಿ ಕಾರಿಗೆ ರೇಸಿನ ಟಯರು ಹಾಕಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ನನ್ನ ಆಕ್ಸಲ್ ತಡೆಯುತ್ತದೆಯೆ ಎಂಬುದು. ಅದಕ್ಕಿಂತ ಒಳ್ಳೆಯ ಪ್ರಶ್ನೆಯೊಂದಿದೆ: ಇಷ್ಟು ದಿನ ಟಯರು ಜಾರಿ ನನ್ನನ್ನು ಕಾಯುತ್ತಿತ್ತು, ಇನ್ನು ಮೇಲೆ ಜಾರುವವರು ಯಾರು? ಉತ್ತರ ಕ್ಲಚ್ ಆಗಿರಬಹುದು, ಕನ್ವರ್ಟರಿನ ಎಣ್ಣೆಯಾಗಿರಬಹುದು, ಟಯರಿನ ಸುಕ್ಕಾಗಿರಬಹುದು. ಯಾರೂ ಇಲ್ಲ ಎಂದಾದರೆ ಉತ್ತರವನ್ನು ಟ್ರ್ಯಾಕಿನ ಮೇಲೆ ಹೆಕ್ಕಿಕೊಳ್ಳಬೇಕಾಗುತ್ತದೆ.

ಗಾರ್ಲಿಟ್ಸ್ ಆ ಪ್ರಶ್ನೆಗೆ ಕೊಟ್ಟ ಉತ್ತರ ಪ್ರಾಮಾಣಿಕವಾದದ್ದು. ಎಂದೂ ಮುರಿಯದ ಗೇರ್‌ಬಾಕ್ಸನ್ನು ಕಟ್ಟುತ್ತೇನೆಂದು ಅವರು ಹೊರಡಲಿಲ್ಲ. ಅಂಥದ್ದೊಂದು ಇಲ್ಲವೆಂದು ಅವರ ಪಾದಕ್ಕೆ ಗೊತ್ತಿತ್ತು. ಮುರಿಯುವುದು ಮುರಿಯಲಿ, ನನ್ನ ಬೆನ್ನ ಹಿಂದೆ ಮುರಿಯಲಿ ಎಂದು ಮನುಷ್ಯನನ್ನು ಮುಂದಕ್ಕೆ ತಂದು ಕೂರಿಸಿದರು.